ಎಡಗಡೆಯ ಪುಟ

ನವೆಂಬರ್ ೪

ಅಕ್ಕಾ,

ಇದು ಕೈಯಲ್ಲಿ ಬರೆದದ್ದಲ್ಲ, ಫೋನಿಗೆ ಮಾತಾಡಿದ್ದು. ಗಿರಾಕಿಗಳ ಮುಂದೆ ನಿನ್ನ ವಾಯ್ಸ್ ಮೆಸೇಜ್ ಹಾಕ್ಕೊಂಡು ಕೂರೋಕಾಗಲ್ಲ ಕಣೋ ಅಂದಿದ್ಯಲ್ಲ, ಅದಕ್ಕೆ. ನಾನು ಮಾತಾಡ್ತೀನಿ, ಫೋನು ಅಕ್ಷರ ಮಾಡುತ್ತೆ, ನೀನು ಕಾಜಾ ಹೊಲೀತಾ ಓದ್ಕೋ. ಕೋಣೇಲಿ ಇನ್ನಿಬ್ರು ಮಲಗಿದಾರೆ, ನಾನು ಮೆಟ್ಟಿಲ ಮೇಲೆ ಕೂತು ಕಳ್ಳನ ಥರ ಪಿಸುಗುಡ್ತಿದೀನಿ. ತಪ್ಪಿದ್ರೆ ಫೋನಿಂದು, ಒಪ್ಪಿದ್ರೆ ನಂದು.

ಹೊಸ ಕೆಲಸ ಸಿಕ್ತು. ನಗಬೇಡ. ಹೋಟ್ಲು ಬಿಟ್ಟೆ, ಗೋದಾಮು ಬಿಟ್ಟೆ, ಎಲ್ಲಾ ನಿಜ. ಇದು ಬೇರೆ. ಇಲ್ಲಿ ಊರಂಚಲ್ಲಿ ಮುಚ್ಚಿಹೋಗಿರೋ ಬಾಟ್ಲಿ ಕಾರ್ಖಾನೆ ಒಂದಿದೆ, ಅದನ್ನ ಮ್ಯೂಸಿಯಂ ಮಾಡ್ತಿದಾರೆ. ಆ ಕೆಲಸ ಪೂರ್ತಿ ಫೋಟೋ ಹಿಡಿದು ದಪ್ಪ ಪುಸ್ತಕ ಮಾಡೋಕೆ ಒಬ್ರು ಬಂದಿದಾರೆ. ನಾನು ಮೇಡಂ ಅಂತೀನಿ. ಅವರ ಸ್ಟ್ಯಾಂಡು ಹೊರೋದು, ಲೆನ್ಸು ಒರೆಸೋದು ನನ್ನ ಕೆಲಸ. ಭಟ್ಟಿ ಇದ್ದ ಹಾಲು ಎಷ್ಟು ದೊಡ್ಡದಂದ್ರೆ, ನಾನು ಕೆಮ್ಮಿದ್ರೆ ಮೂಲೇಲಿ ಇನ್ಯಾರೋ ಕೆಮ್ಮಿದಂಗಾಗುತ್ತೆ. ನೆಲದ ಸಂದೀಲೆಲ್ಲ ಹಸಿರು ಗಾಜಿನ ಚೂರು. ಬಿಸಿಲು ಬಿದ್ರೆ ನೀರಲ್ಲಿ ನಡೆದಂಗಿರುತ್ತೆ.

ಪುಸ್ತಕದ ಲೆಕ್ಕ ಹೀಗೆ. ಪ್ರತಿ ಕೋಣೆಗೂ ಎರಡು ಫೋಟೋ. ಯಾರೂ ಮುಟ್ಟೋಕೆ ಮುಂಚೆ ಒಂದು, ಕೆಲಸ ಮುಗಿದ ಮೇಲೆ ಅದೇ ಜಾಗದಿಂದ, ಅದೇ ಎತ್ತರದಿಂದ ಇನ್ನೊಂದು. ಹಳೇದು ಎಡಗಡೆ ಪುಟ, ಹೊಸದು ಬಲಗಡೆ. ದೊಡ್ಡ ಹಾಲುಗಳನ್ನ ಮೇಡಂ ತೆಗೀತಾರೆ, ಸಣ್ಣಪುಟ್ಟ ಕೋಣೆ ನನಗೆ ಬಿಟ್ಟಿದಾರೆ. ಹಳೇ ಫೋಟೋ ಆದ ಕೋಣೆ ಬಾಗಿಲ ಮೇಲೆ ನಾನು ಸೀಮೆಸುಣ್ಣದಲ್ಲಿ ಗೀಟು ಎಳೀಬೇಕು. ಗೀಟು ಇದ್ರೆ ಮೇಸ್ತ್ರಿ ಕಡೆಯೋರು ನುಗ್ಗಿ ಖಾಲಿ ಮಾಡ್ತಾರೆ. ಇಲ್ದಿದ್ರೆ ಬಾಗಿಲು ಸಹ ತಳ್ಳಲ್ಲ. ನಿನ್ನ ಸುಣ್ಣದಕಡ್ಡಿ ಮುಂದೆ ನನ್ನ ಸುತ್ತಿಗೆ ಕೈಕಟ್ಟಿ ನಿಲ್ಲಬೇಕಲ್ಲಯ್ಯಾ ಅಂತ ಮೇಸ್ತ್ರಿ ರೇಗಿಸ್ತಾರೆ. ನನ್ನ ಮಾತಿಗೆ ಬೆಲೆ ಇರೋ ಕೆಲಸ ಇದೇ ಮೊದಲು ಕಣಕ್ಕ.

ನಿನ್ನ ತಮ್ಮ


ನವೆಂಬರ್ ೭

ಗಾಳಿಪಟಕ್ಕೆ,

ನಿನ್ನ ಫೋನು ನಿನಗಿಂತ ಚೆನ್ನಾಗಿ ಬರೆಯುತ್ತದೆ. ಶಾಲೆಯಲ್ಲಿ ಅದನ್ನೇ ಕೂರಿಸಿದ್ದರೆ ಪಾಸಾದರೂ ಆಗುತ್ತಿದ್ದೆ.

ಕೆಲಸದ ವಿಷಯ ಓದಿ ಖುಷಿಯಾಯಿತು. ಆದರೆ ನಿನ್ನ ಹೊಸ ಕೆಲಸದ ಖುಷಿಗೆ ಎಷ್ಟು ದಿನ ಆಯುಸ್ಸು ಅಂತ ನನಗೂ ಗೊತ್ತು. ಈ ಸಲವಾದರೂ ಒಂದು ಕಡೆ ಕಾಲೂರು. ಪುಸ್ತಕದಲ್ಲಿ ನಿನ್ನ ಹೆಸರು ಬರುತ್ತದಾ? ಮೂಲೆಯಲ್ಲಿ ಸಣ್ಣಕ್ಕೆ ಬಂದರೂ ಸಾಕು. ಪಕ್ಕದ ಅಂಗಡಿಯವರಿಗೆ ಆಗಲೇ ಬರುತ್ತದೆ ಎಂದು ಹೇಳಿಬಿಟ್ಟಿದ್ದೇನೆ.

ಇಲ್ಲಿ ವಿಶೇಷವೇನಿಲ್ಲ. ಅಂಗಡಿಗೆ ಸುಣ್ಣ ಬಳಿಸಿದೆ. ಅಪ್ಪನ ಕೋಟು ಮೊಳೆಯಿಂದ ಇಳಿಸಿ, ಕೊಡವಿ, ಮತ್ತೆ ಅಲ್ಲೇ ನೇತುಹಾಕಿದೆ. ಬಸ್ಸು ರಿಪೇರಿಯ ಮಸಿ ಇನ್ನೂ ತೋಳಲ್ಲಿ ಹಾಗೇ ಇದೆ. ಒಗೆಯಲು ಮನಸ್ಸಾಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು.

ಅಕ್ಕ


ಡಿಸೆಂಬರ್ ೨

ಅಕ್ಕಾ, ಜಾಸ್ತಿ ಮಾತಾಡೋಕೆ ಪುರುಸೊತ್ತಿಲ್ಲ. ಅಪ್ಪನ ಕೋಟು ಕಳಿಸ್ತೀಯಾ? ಇಲ್ಲಿ ಚಳಿ ಮೂಳೆ ಕೊರೀತಿದೆ. ಅವರ ಹಳೇ ಬೂಟು ಇದ್ರೆ ಅದೂ ಹಾಕು. ಒಗೀಬೇಡ, ಹೆಂಗಿದ್ಯೋ ಹಂಗೇ ಕಳ್ಸು. ಕೋಟು ಇದೇ ವಾರ ಅಲ್ಲಿಂದ ಹೊರಡ್ಬೇಕು, ಬೇಗ ತಲುಪೋ ಪಾರ್ಸೆಲ್ಲಲ್ಲೇ ಹಾಕು. ಕೆಲಸ ಚೆನ್ನಾಗಿದೆ. ನಾನು ಚೆನ್ನಾಗಿದೀನಿ.


ಡಿಸೆಂಬರ್ ೫

ನೀನು ಚೆನ್ನಾಗಿಲ್ಲ. ಚೆನ್ನಾಗಿದ್ದಾಗ ನೀನು ಇಷ್ಟು ಚಿಕ್ಕ ಕಾಗದ ಬರೆದವನೇ ಅಲ್ಲ.

ಜ್ವರವಾ? ಜಗಳವಾ? ಯಾರಾದರೂ ಹುಡುಗಿಯಾ? ಚಿಕ್ಕವನಿದ್ದಾಗ ಎಂಥಾ ಚಳಿಯಲ್ಲೂ ಹೊದಿಕೆ ಒದ್ದು ಮಲಗುತ್ತಿದ್ದವನು ನೀನು. ಈಗ ಕೋಟು ಕೇಳುತ್ತೀಯ, ಅದೂ ಅಪ್ಪನದ್ದೇ, ಅದೂ ಒಗೆಯದೆ. ಊರಿನ ನೆನಪು ಹತ್ತಿದೆ ಎಂದು ನೇರ ಹೇಳುವುದಕ್ಕೆ ಗಂಡಸರಿಗೆ ಏನು ಕಷ್ಟವೋ.

ಕೋಟು ನಾಳೆ ಹೊರಡುತ್ತದೆ. ಬೂಟು ಇಲ್ಲ. ಜೋಪಾನ. ಅಪ್ಪನ ಗಡಿಯಾರ ಹೋಟೆಲಿನ ಕೋಣೆಯಲ್ಲಿ ಬಿಟ್ಟು ಬಂದ ಹಾಗೆ ಇದನ್ನೂ ಎಲ್ಲಾದರೂ ಬಿಟ್ಟುಬರಬೇಡ.

ಅಕ್ಕ


ಡಿಸೆಂಬರ್ ೧೧

ಅಕ್ಕಾ, ಕೋಟು ಬಂತು. ಪಾರ್ಸೆಲ್ ಬಿಚ್ಚಿ ಮುಖಕ್ಕೆ ಒತ್ಕೊಂಡೆ. ಎಣ್ಣೆ, ಮಸಿ, ಅಪ್ಪನ ವಾಸನೆ ಹಾಗೇ ಇದೆ. ಎರಡನೇ ಗುಂಡಿ ಬೇರೆ ಬಣ್ಣದ್ದು ನೋಡಿ ನಗು ಬಂತು, ಆಮೇಲೆ ಅಳು ಬಂತು. ಅಷ್ಟೊತ್ತಿಗೆ ಮೆಟ್ಟಿಲ ಮೇಲೆ ಯಾರೋ ಬಂದ್ರು, ಕೆಮ್ಮಿ ಸುಮ್ಮನಾದೆ.

ಈಗ ಬೆಚ್ಚಗಿದೀನಿ. ನೀನು ಚಿಂತೆ ಮಾಡ್ಬೇಡ.


ಫೆಬ್ರವರಿ ೨೬

ಗಾಳಿಪಟಕ್ಕೆ,

ಇಷ್ಟು ದಿನ ಒಂದು ಮಾತಿಲ್ಲ. ಕೇಳಿದರೆ ಕೆಲಸ, ಕೆಲಸ. ಈಗ ಅರ್ಥವಾಯಿತು.

ನಿನ್ನೆ ಗಿರಾಕಿಯೊಬ್ಬರ ಮಗಳು ಫೋನಿನಲ್ಲಿ ನಿಮ್ಮ ಮ್ಯೂಸಿಯಂ ತೋರಿಸಿದಳು. ಕಾರ್ಖಾನೆಯವರು ಬಟ್ಟೆ ಬದಲಿಸುತ್ತಿದ್ದ ಕೋಣೆಯಂತೆ. ಮಸಿ ಹಿಡಿದ ಗೋಡೆ, ಉದ್ದಕ್ಕೆ ಖಾಲಿ ಗೂಟಗಳು, ಕೊನೆಯ ಗೂಟದಲ್ಲಿ ಒಂದೇ ಒಂದು ಕೋಟು, ಅದರ ಹೆಗಲ ಮೇಲೆ ಕಿಟಕಿಯ ಬೆಳಕು. ಎಲ್ಲರೂ ಈ ಫೋಟೋವನ್ನೇ ಹಂಚಿಕೊಳ್ಳುತ್ತಿದ್ದಾರೆ ಎಂದಳು. ನಾನು ಗುಂಡಿ ನೋಡಿ ಗುರುತು ಹಿಡಿದೆ. ನಾನು ಹೊಲಿದ ಗುಂಡಿ ನನಗೆ ಗೊತ್ತಾಗದೆ ಇರುತ್ತದಾ?

ಚಳಿ ಎಂದು ಸುಳ್ಳು ಹೇಳಿ ಅಪ್ಪನನ್ನು ಮ್ಯೂಸಿಯಂನಲ್ಲಿ ನಿಲ್ಲಿಸಿದೆಯಲ್ಲೋ. ಜೀವನವೆಲ್ಲ ಬಸ್ಸಿನ ಕೆಳಗೆ ಮಲಗಿ ಕೆಲಸ ಮಾಡಿದವರಿಗೆ ಇಂಥದ್ದೊಂದು ಜಾಗ ಸಿಗಬೇಕು ಎಂದು ನಿನಗೆ ಅನ್ನಿಸಿತಲ್ಲ. ನನಗೆ ಅನ್ನಿಸಿರಲಿಲ್ಲ. ನಿನ್ನನ್ನು ಬೇಜವಾಬ್ದಾರಿ ಎಂದು ಎಷ್ಟು ಸಲ ಬೈದಿದ್ದೇನೆ. ಆ ಕೋಟಿನ ವಿಷಯದಲ್ಲಿ ನಿನ್ನ ಮೇಲೆ ಇನ್ನಷ್ಟು ನಂಬಿಕೆ ಇಡಬೇಕಿತ್ತು. ಇರಲಿ, ಆ ಮಾತು ಈಗ ಬೇಡ.

ಅಕ್ಕ


ಮಾರ್ಚ್ ೧

ಅಕ್ಕಾ,

ಮಾತಾಡಿ ಮಾತಾಡಿ ಅಳಿಸಿದೆ. ನೀನು ಬೈದಿದ್ರೆ ತಡ್ಕೋಬಹುದಿತ್ತು. ಹೊಗಳಿದ್ದೀಯ.

ಅಪ್ಪನಿಗೆ ಗೌರವ ಕೊಡೋಕೆ ನಾನು ಆ ಕೋಟು ನೇತುಹಾಕ್ಲಿಲ್ಲ. ಕೋಣೆ ನಿಜ, ಫೋಟೋ ಸುಳ್ಳು.

ನವೆಂಬರ್ ಕೊನೇಲಿ ಬೇರೆ ಊರಿಂದ ಒಂದು ಇಂಟರ್‌ವ್ಯೂಗೆ ಕರೆದಿದ್ರು. ಹಡಗಿನ ಕಂಪನಿ. ನಿನಗೆ ಹೇಳ್ಲಿಲ್ಲ, ಮತ್ತೆ ಶುರು ಹಚ್ಕೊಂಡ ಅಂತೀಯ ಅಂತ. ಸಾಯಂಕಾಲದ ಬಸ್ಸು. ಬಟ್ಟೆ ಬದಲಿಸೋ ಕೋಣೆ ಫೋಟೋ ಇನ್ನೂ ತೆಗೆದಿರ್ಲಿಲ್ಲ, ಬೆಳಕೂ ಹೋಗಿತ್ತು. ಗೀಟು ಇಲ್ಲದ ಬಾಗಿಲು ಕಂಡ್ರೆ ಮೇಡಂ ಯಾಕೆ ಅಂತ ಕೇಳ್ತಾರೆ. ಅದಕ್ಕೆ ಮೊದಲೇ ಗೀಟು ಎಳೆದುಬಿಟ್ಟೆ. ಹೆಂಗೂ ಮೇಸ್ತ್ರಿಯೋರು ಇನ್ನೊಂದು ಕಡೆ ಕೆಲಸ ಮಾಡ್ತಿದಾರೆ, ಈ ಕಡೆ ಬರೋಷ್ಟರಲ್ಲಿ ನಾನು ವಾಪಸ್ ಬಂದು ತೆಕ್ಕೊಂಡ್ರಾಯ್ತು ಅಂತ. ಬಾಗಿಲು ತೆಗೆದು ಒಳಗೆ ಇಣುಕಲೂ ಇಲ್ಲ.

ಹಡಗಿನ ಕೆಲಸ ಸಿಗ್ಲಿಲ್ಲ. ವಾಪಸ್ ಬರೋ ಬಸ್ಸು ದಾರೀಲಿ ಕೆಟ್ಟು ನಿಂತಿತು. ನಾನು ಬಂದಾಗ ಕೋಣೆ ಗುಡಿಸಿ ತೊಳೆದಂಗಿತ್ತು. ಗೂಟ ಬಿಟ್ರೆ ಏನಿಲ್ಲ. ಒಳಗೆ ಏನೇನಿತ್ತು ಅಂತ ಮೇಸ್ತ್ರೀನ ಕೇಳ್ದೆ. ಅವರು ಸಹಜವಾಗೇ ಹೇಳಿದ್ರು, ಕೋಟುಗಳು, ಟೋಪಿ, ಬೂಟು, ಒಡೆದ ಕನ್ನಡಿ, ಎಲ್ಲಾ ಲಾರಿಗೆ ತುಂಬಿದ್ವಿ ಅಂತ. ಆಮೇಲೆ ನನ್ನ ಮುಖ ನೋಡಿ ಕೇಳಿದ್ರು, "ನೀನೇ ಗೀಟು ಹಾಕಿದ್ಯಲ್ಲಪ್ಪ. ನೀನು ನೋಡ್ಲಿಲ್ವಾ?"

ಲಾರಿ ಹೋದ ಕಡೆ ಓಡಿದೆ. ಅಲ್ಲಿ ಕಸದ ಗುಡ್ಡದ ಮೇಲೆ ಬುಲ್ಡೋಜರ್ ಆಡ್ತಿತ್ತು.

ಫೋಟೋ ಅಲುಗಾಡಿದೆ, ಮತ್ತೆ ತೆಗೀತೀನಿ ಅಂತ ಮೇಡಂಗೆ ಹೇಳ್ದೆ. ಅವರು ಪ್ರಿಂಟಿಂಗ್ ಮಾತಾಡೋಕೆ ಊರಿಗೆ ಹೊರಟಿದ್ರು, ಸರಿ ಅಂದ್ರು. ಅವರು ಬರೋಷ್ಟರಲ್ಲಿ ಗೋಡೆಗೆ ಭಟ್ಟಿ ಮಸಿ ಒರೆಸಿದೆ. ನೆಲಕ್ಕೆ ದೂಳು ಎರಚಿದೆ. ನಿನ್ನ ಪಾರ್ಸೆಲ್ ಬಂತು. ಕೋಟು ನೇತುಹಾಕಿ, ಬಿಸಿಲು ಕಿಟಕಿಗೆ ಬರೋವರೆಗೂ ಕಾದು, ತೆಗೆದೆ. ನಾನು ಹಿಡಿದ ಫೋಟೋಗಳಲ್ಲೆಲ್ಲ ಚೆನ್ನಾಗಿ ಬಂದಿದ್ದು ಅದೊಂದೇ ಕಣಕ್ಕ. ಈ ಪುಸ್ತಕದ ಜೀವ ಇದು ಅಂದ್ರು ಮೇಡಂ. ಅದನ್ನ ದೊಡ್ಡದು ಮಾಡಿ ಗೇಟಿನ ಪಕ್ಕ ನಿಲ್ಲಿಸಿದ್ರು. ಕೋಟು ಎಲ್ಲಿ ಅಂತ ಕೇಳಿದ್ರು. ಲಾರಿಗೆ ಹೋಗೋಕೆ ಮುಂಚೆ ಎತ್ತಿಟ್ಟಿದೀನಿ ಅಂದೆ. ನೋಡು, ಒಂದು ಸುಳ್ಳಿಗೆ ಹೆಗಲು ಕೊಡೋಕೆ ಇನ್ನೆಷ್ಟು ಬೇಕು.

ಇಲ್ಲೀವರೆಗೆ ಆಗಿದ್ರೆ ನಾನು ಹೆಂಗೋ ಬದುಕ್ತಿದ್ದೆ. ಆದ್ರೆ ಒಬ್ಬ ಅಜ್ಜಿ ಬರ್ತಾರೆ. ಗೇಟಜ್ಜಿ ಅಂತಾನೇ ಕರೀತಾರೆ ಇಲ್ಲಿ. ಅವರ ಯಜಮಾನ್ರು ಭಟ್ಟೀಲಿ ಕೆಲಸ ಮಾಡ್ತಿದ್ರಂತೆ. ಭಟ್ಟಿ ಹತ್ರ ಬೆಂಕಿ, ಆಚೆ ಚಳಿ, ಅದಕ್ಕೆ ಎಲ್ರೂ ಕೋಟು ಕಳಚಿ ಆ ಕೋಣೇಲಿ ಹಾಕಿ ಕೆಲಸಕ್ಕೆ ಇಳೀತಿದ್ರು. ಒಂದಿನ ಕೆಲಸದ ಮಧ್ಯೆ ಎಲ್ಲಾರ್ನೂ ಆಚೆ ಕಳಿಸಿ ಕಾರ್ಖಾನೆಗೆ ಬೀಗ ಹಾಕಿದ್ರಂತೆ. ಅವರು ಬರೀ ಅಂಗೀಲಿ ಮನೆಗೆ ಬಂದ್ರು. ನಾಳೆ ಹೋಗಿ ಕೋಟು ತರ್ತೀನಿ ಅಂದ್ರು. ಬೀಗ ಮತ್ತೆ ತೆಗೀಲೇ ಇಲ್ಲ. ಅವರು ತೀರ್ಕೊಂಡ ಮೇಲೂ ಅಜ್ಜಿ ವಾಚ್‌ಮನ್‌ಗಳನ್ನ ಕಾಡಿದಾರೆ, ಒಂದು ಕೋಟು ಇದೆ ಕೊಡ್ರಪ್ಪ ಅಂತ.

ಗೇಟಿನ ಫೋಟೋ ನೋಡಿ ಅವರು ಅಲ್ಲೇ ಕೂತ್ಬಿಟ್ರು. ಇದು ನಮ್ಮೆಜಮಾನ್ರದ್ದು ಅಂದ್ರು. ಎರಡನೇ ಗುಂಡಿ ತೋರಿಸಿ, ಇದು ನಾನೇ ಹಾಕಿದ್ದು, ಮನೇಲಿ ಅದೇ ಬಣ್ಣದ್ದು ಇರ್ಲಿಲ್ಲ ಅಂದ್ರು. ನಾನು ಅಲ್ಲೇ ಸ್ಟ್ಯಾಂಡು ಹಿಡ್ಕೊಂಡು ನಿಂತಿದ್ದೆ. ಮೇಡಂ ಅವರನ್ನ ತಬ್ಕೊಂಡು ಅತ್ರು. ಈಗ ಕೋಟನ್ನ ಗಾಜಿನ ಪೆಟ್ಟಿಗೇಲಿಟ್ಟು ಯಜಮಾನ್ರ ಹೆಸರು ಬರೆಸ್ತಾರಂತೆ. ಪುಸ್ತಕ ಈ ತಿಂಗಳ ಕೊನೇಲಿ ಅಚ್ಚಿಗೆ ಹೋಗುತ್ತೆ.

ಹೇಳಿದ್ರೆ ಅಜ್ಜಿ ಕೈಯಿಂದ ಕೋಟು ಕಿತ್ಕೊಂಡಂಗೆ. ಹೇಳ್ದಿದ್ರೆ ಅಪ್ಪನ ಕೋಟಿಗೆ ಇನ್ಯಾರದೋ ಹೆಸರು. ಎರಡರಲ್ಲೂ ಕಳ್ಳ ನಾನೇ. ಇನ್ನೊಂದು ವಿಷಯ ನನ್ನ ನಿದ್ದೆ ತಿಂತಿದೆ. ಅವರ ನಿಜವಾದ ಕೋಟು ಆ ಕೋಣೇಲೇ ಇತ್ತು ಅನ್ಸುತ್ತೆ. ನಾನೇ ಗೀಟು ಎಳೆದು ಅದನ್ನ ಲಾರಿಗೆ ಹಾಕಿಸ್ದೆ.

ಏನು ಮಾಡ್ಲಿ ಹೇಳು.


ಮಾರ್ಚ್ ೬

ತಮ್ಮಾ,

ನಿನಗೆ ಬೈಯಬೇಕೆಂದೇ ಕೂತೆ. ಬರೆಯುತ್ತಾ ಬರೆಯುತ್ತಾ ಆ ಮಾತುಗಳೆಲ್ಲ ನನ್ನ ಕಡೆಗೇ ತಿರುಗಿ ನಿಂತವು.

ಅಪ್ಪನ ಕೋಟು ಇಲ್ಲೇ ಇದೆ. ಬಾಗಿಲ ಹಿಂದೆ, ಮೊಳೆಯಲ್ಲಿ. ಅದು ಇಲ್ಲಿಂದ ಎಲ್ಲಿಗೂ ಹೋಗಿಲ್ಲ.

ನೀನು ಕೇಳಿದಾಗ ಇಳಿಸಿ, ಮಡಚಿ, ಪಾರ್ಸೆಲ್ಲಿನ ಕಾಗದವನ್ನೂ ಸುತ್ತಿದ್ದೆ. ಆಮೇಲೆ ಗಡಿಯಾರ ನೆನಪಾಯಿತು. ಇವನ ಕೈಗೆ ಹೋದದ್ದು ವಾಪಸ್ ಬರುವುದಿಲ್ಲ ಎನ್ನಿಸಿತು. ಹಳೆ ಬಟ್ಟೆ ಮಾರುವವನ ರಾಶಿಯಲ್ಲಿ ಅರ್ಧ ದಿನ ಹುಡುಕಿ ಅದೇ ಬಣ್ಣದ, ಅದೇ ಅಳತೆಯ ಒಂದು ಕೋಟು ತಂದೆ. ಅಪ್ಪನದ್ದರ ಹಾಗೇ ಎರಡನೇ ಗುಂಡಿ ಕಿತ್ತು ಬೇರೆ ಬಣ್ಣದ್ದು ಹೊಲಿದೆ. ತೋಳಿಗೆ ಹೊಲಿಗೆ ಮೆಷೀನಿನ ಎಣ್ಣೆ, ಒಲೆಯ ಮಸಿ ತಿಕ್ಕಿದೆ. ಇಷ್ಟು ನಾಜೂಕಾಗಿ ಯಾವ ಮದುವಣಗಿತ್ತಿಯ ರವಿಕೆಯನ್ನೂ ನಾನು ಹೊಲಿದಿಲ್ಲ.

ಅದರಲ್ಲಿ ಅಪ್ಪನ ವಾಸನೆ ಹಾಗೇ ಇದೆ ಎಂದು ನೀನು ಬರೆದೆ. ಆ ದಿನ ಅಂಗಡಿಯ ಬಾಗಿಲು ಹಾಕಿಕೊಂಡು ಕೂತೆ. ಆಮೇಲೆ ಫೋಟೋ ನೋಡಿದಾಗಲಾದರೂ ಹೇಳಬಹುದಿತ್ತು. ನೀನು ಅಪ್ಪನ ಮೇಲಿನ ಪ್ರೀತಿಗೆ ಮಾಡಿದ್ದೀಯ ಎಂದುಕೊಂಡು, ನನ್ನ ಸಣ್ಣತನ ಹೊರಬೀಳದಿರಲಿ ಎಂದು ಬಾಯಿ ಮುಚ್ಚಿಕೊಂಡೆ.

ಅಜ್ಜಿಗೆ ಹೇಳು ಎನ್ನಲೂ, ಹೇಳಬೇಡ ಎನ್ನಲೂ ನನಗೆ ಮುಖವಿಲ್ಲ. ಅಪ್ಪನ ಕೋಟಿಗೆ ನೀನು ಅನ್ಯಾಯ ಮಾಡಿಲ್ಲ ಎನ್ನುವುದಷ್ಟು ತಿಳಿದುಕೋ. ಮಿಕ್ಕಿದ್ದು ನಿನಗೇ ಬಿಟ್ಟದ್ದು.

ಅಕ್ಕ


ಮಾರ್ಚ್ ೯

ಅಕ್ಕಾ,

ಓದಿ ಮೊದಲು ನಗು ಬಂತು, ಬೇಜಾರು ಮಾಡ್ಕೋಬೇಡ. ಅಕ್ಕ ಒಂದು ಸುಳ್ಳು ಕೋಟು ಹೊಲಿದು ಕಳಿಸ್ತಾಳೆ, ತಮ್ಮ ಅದನ್ನ ಸುಳ್ಳು ಗೋಡೆಗೆ ನೇತುಹಾಕ್ತಾನೆ. ಎಂಥಾ ಜೋಡಿ ನಾವು. ನೀನು ಕಳಿಸದೆ ಇದ್ದದ್ದೇ ಒಳ್ಳೇದಾಯ್ತು. ನಾನು ನೀನಾಗಿದ್ರೂ ಕಳಿಸ್ತಿರ್ಲಿಲ್ಲ.

ಆಮೇಲೆ ನಗು ನಿಂತುಹೋಯ್ತು. ಆ ವಾಸನೆ ಅಪ್ಪಂದೇ ಅಂತ ನಾನು ಆಣೆ ಮಾಡಿ ಹೇಳ್ತಿದ್ದೆ ಕಣಕ್ಕ. ನಿನ್ನ ಮೆಷೀನೆಣ್ಣೆ ಮೂಸಿ ಅಪ್ಪಾ ಅಂತ ಅತ್ತಿದೀನಿ. ಅಜ್ಜಿಗೆ ಬೇಕಾಗಿತ್ತು, ಅದಕ್ಕೇ ಗುರುತು ಸಿಕ್ತು. ನನಗೂ ಹಾಗೇ. ಇಷ್ಟು ದಿನ ಮನಸ್ಸಲ್ಲಿ, ಪಾಪ ವಯಸ್ಸಾಗಿದೆ, ಏನೋ ಅಂದ್ಕೊಂಡಿದಾರೆ, ಹಂಗೇ ಇರ್ಲಿ ಅಂತ ಅವರನ್ನ ತಳ್ಳಿಹಾಕ್ತಿದ್ದೆ. ಈಗ ಹಾಗೆ ಅನ್ನೋಕೆ ಬಾಯಿ ಬರಲ್ಲ. ನೀನು ನನಗೆ ನಿಜ ಹೇಳ್ದೆ. ನೋವಾಯ್ತು, ಆದ್ರೂ ಹೇಳ್ಬಾರದಿತ್ತು ಅಂತ ಅನ್ನಿಸ್ಲಿಲ್ಲ.

ಇವತ್ತು ಮೇಡಂ ಹತ್ರ ಎಲ್ಲಾ ಹೇಳ್ದೆ. ಮೇಜಿನ ಮೇಲೆ ಪುಸ್ತಕದ ಹಾಳೆಗಳನ್ನ ಜೋಡಿ ಜೋಡಿ ಹರಡಿಕೊಂಡಿದ್ರು. ಕೂಗಾಡ್ತಾರೆ ಅಂದ್ಕೊಂಡಿದ್ದೆ, ಕೂಗಾಡ್ಲಿಲ್ಲ. ಕನ್ನಡಕ ತೆಗೆದಿಟ್ಟು ಒಂದೊಂದೇ ಹಾಳೆ ಎತ್ತಿ ನೋಡಿದ್ರು, ಎಡಗಡೇದು ಮಾತ್ರ. ನೀರಿನ ಟ್ಯಾಂಕು, ಬಾಟ್ಲಿ ಅಚ್ಚಿನ ಕೋಣೆ, ಮೇಲಿನ ಮೊಗಸಾಲೆ, ಅವರೇ ಕೈಯಾರೆ ತೆಗೆದದ್ದು. ಕೊನೆಗೆ ಅಂದ್ರು, "ಇನ್ಮೇಲೆ ಈ ಪುಸ್ತಕದ ಯಾವ ಎಡಪುಟಾನ ಯಾರು ನಂಬ್ತಾರೆ, ಹೇಳು."

ಫೋಟೋ ಪುಸ್ತಕದಿಂದ ತೆಗೀತಾರೆ, ಗೇಟಿಂದಲೂ ಇಳಿಸ್ತಾರೆ. ಎಡಗಡೆ ಪುಟ ಬಿಳೀದಾಗೇ ಬಿಡ್ತಾರಂತೆ, ಈ ಕೋಣೆಯ ಹಳೇ ಚಿತ್ರ ಇಲ್ಲ, ತೆಗೆಯದೆ ಖಾಲಿ ಮಾಡಿಸಲಾಯಿತು ಅಂತ ಒಂದು ಸಾಲು ಹಾಕಿ. ಬಲಗಡೆ ಹೊಸ ಕೋಣೆ. ನನ್ನ ಹೆಸರು ಬೇಡ ಅಂತ ನಾನೇ ಹೇಳ್ದೆ. ಪಕ್ಕದಂಗಡಿಯೋರಿಗೆ ಏನಾದ್ರೂ ಹೇಳ್ಕೋ. ಕೆಲಸ ಹೋಯ್ತು, ಅದನ್ನ ಮೇಡಂ ಬಾಯಿಬಿಟ್ಟು ಹೇಳೋ ಅಗತ್ಯ ಇರ್ಲಿಲ್ಲ. ಬಾಗಿಲ ಹತ್ರ ಬಂದಾಗ ಕರೆದ್ರು. ಅಜ್ಜಿಗೆ ನಾನು ಹೇಳಲ್ಲ, ನೀನೇ ಹೋಗಿ ಹೇಳ್ಬೇಕು ಅಂದ್ರು.

ಹೋಗ್ತೀನಿ ಅಂದೆ. ಅಂದಿದ್ದೇನೋ ಅಂದೆ.


ಮಾರ್ಚ್ ೧೫

ಅಕ್ಕಾ,

ದಿನಾ ಹೊರಟು ದಿನಾ ಅರ್ಧ ದಾರೀಲಿ ತಿರುಗಿ ಬರ್ತಿದ್ದೆ. ಇವತ್ತು ಹೋದೆ.

ಕಾರ್ಖಾನೆ ಹಿಂದಿನ ಬೀದಿ, ಕೆಲಸಗಾರರಿಗೆ ಅಂತ ಕಟ್ಟಿದ ಸಾಲು ಮನೆಗಳು. ಬಾಗಿಲು ತೆಗೆದೇ ಇತ್ತು. ಅಜ್ಜಿ ಮಂಚದ ಮೇಲೆ ಒಗೆದ ಬಟ್ಟೆ ಮಡಚ್ತಾ ಕೂತಿದ್ರು. ಫೋಟೋದವನು ಬಂದ, ಬಾ ಬಾ ಅಂದ್ರು. ಗೋಡೆ ಪಕ್ಕ ಬೀರೂಲಿ ಒಂದು ಅರೆ ಖಾಲಿ ಮಾಡಿಟ್ಟಿದ್ರು. ಮ್ಯೂಸಿಯಂನೋರಿಗೆ ಕೋಟು ಬೇಡವಾದ ದಿನ ಇಲ್ಲಿಡ್ತೀನಿ ಅಂದ್ರು. ಹೊಸಿಲಲ್ಲೇ ನಿಂತು ಹೇಳಿಬಿಟ್ಟೆ. ಗೀಟು, ಬಸ್ಸು, ಲಾರಿ, ಮಸಿ, ನಿನ್ನ ಗುಂಡಿ. ಒಂದೂ ಬಿಡ್ಲಿಲ್ಲ.

ಅವರ ಕೈಲಿದ್ದ ಸೀರೆ ಅರ್ಧ ಮಡಿಕೇಲೇ ನಿಂತಿತು. ಆಮೇಲೆ ಕೇಳಿದ್ರು, ಹಾಗಾದ್ರೆ ಅವರದ್ದು ಅಲ್ಲಿತ್ತಾ. ಗೊತ್ತಿಲ್ಲ ಅಜ್ಜಿ ಅಂದೆ. ನಾನು ಒಳಗೆ ನೋಡ್ಲಿಲ್ಲ. ಲಾರಿಗೆ ತುಂಬಿದೋರೂ ನೋಡಿ ತುಂಬಿಲ್ಲ.

ಫೋಟೋ ಹಾಳಾಗ್ಲಿ, ಒಂದ್ಸಲ ಬಾಗಿಲು ತೆಗೆದು ನೋಡಿದ್ರೆ ಸಾಕಾಗಿತ್ತಲ್ಲಪ್ಪ ಅಂದ್ರು. ಅಷ್ಟೇ. ಬೈಗುಳ ಅಂತ ಬಂದಿದ್ದು ಅದೊಂದೇ. ನನಗೆ ಅದೇ ಸಾಕಾಯ್ತು.

ಹೊರಡೋಣ ಅಂತ ತಿರುಗಿದೆ. ಅವರು ಮತ್ತೆ ಮಾತು ಶುರು ಮಾಡಿದ್ರು, ನನ್ನ ಮುಖ ನೋಡದೆ, ಮಡಿಲಲ್ಲಿದ್ದ ಸೀರೆ ನೋಡ್ತಾ. ಗೇಟಿನಿಂದ ಒಳಗೆ ಹೆಂಗಸರನ್ನ ಬಿಡ್ತಿರ್ಲಿಲ್ವಂತೆ. ಮದುವೆಯಾದಾಗಿಂದ ಯಜಮಾನ್ರು ದಿನಾ ಹೋಗೋ ಜಾಗ ಹೆಂಗಿದೆ ಅಂತ ಅವರಿಗೆ ಗೊತ್ತೇ ಇರ್ಲಿಲ್ವಂತೆ. ಕೇಳಿದ್ರೆ, ಕೋಣೆ ಕೋಣೆ ಥರ ಇದೆ ಕಣೇ, ಅದರಲ್ಲೇನು ಹೇಳೋದು ಅಂತಿದ್ರಂತೆ ಅವರು.

"ನಿನ್ನ ಫೋಟೋ ನೋಡಿದ ಮೇಲೇ ನನಗೆ ಗೊತ್ತಾಗಿದ್ದು," ಅಂದ್ರು ಅಜ್ಜಿ. "ಆಗಿಂದ ಕಣ್ಣು ಮುಚ್ಚಿದ್ರೆ ಬರ್ತಾರೆ. ಆ ಬಾಗಿಲಿಂದ ಒಳಗೆ ಬರ್ತಾರೆ, ಕೊನೇ ಗೂಟಕ್ಕೆ ಕೋಟು ಹಾಕ್ತಾರೆ, ಕಿಟಕಿ ಹತ್ರ ಒಂದು ಗಳಿಗೆ ನಿಲ್ತಾರೆ. ಈಗ ಅವರನ್ನ ಆ ಕೋಣೆಯಿಂದ ಹೇಗೆ ಆಚೆ ಕರ್ಕೊಂಡು ಬರ್ಲಿ, ನೀನೇ ಹೇಳು."

ಹೊಸಿಲಲ್ಲೇ ನಿಂತಿದ್ದೆ. ಅವರು ಕೂತ್ಕೋ ಅನ್ಲಿಲ್ಲ, ಹೋಗು ಅಂತಲೂ ಅನ್ಲಿಲ್ಲ.